ಅಡಗುವ ಬಣ್ಣ, ಮೆರೆಯುವ ಬಣ್ಣ

(ನಮ್ಮ ವಾಚನಾಲಯದಲ್ಲಿ ಭಾನುವಾರ ಸಂಜೆ ಓದಿದ ಭಾಷಣ)



ನಮ್ಮ ವಾಚನಾಲಯದ ಹಿಂದಿನ ಮೊಗಸಾಲೆಯಲ್ಲಿ, ಹಳೆಯ ಎಣ್ಣೆಡಬ್ಬಿಯೊಂದರಲ್ಲಿ, ಒಂದು ಕರಿಬೇವಿನ ಗಿಡ ಇರುವುದನ್ನು ತಾವೆಲ್ಲರೂ ಬಲ್ಲಿರಿ. ಒಗ್ಗರಣೆಗೆಂದು ಅದರ ಎಲೆ ಕೀಳದವರು ನಮ್ಮಲ್ಲಿ ಕಡಿಮೆ. ಕಳೆದ ತಿಂಗಳು ಆ ಗಿಡದ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂಡಿತು. ಕಂದು ಬಣ್ಣ, ನಡುವೆ ಬಿಳಿಯ ಕಲೆ, ಮೇಲೆ ಹಸಿಯಾದ ಹೊಳಪು. ಗಿಡಕ್ಕೆ ನೀರು ಹಾಕುವ ಹುಡುಗ ಒದ್ದೆ ಬಟ್ಟೆ ತಂದು ಒರೆಸಲು ಹೋದ. ಹಿಕ್ಕೆ ಮೆಲ್ಲಗೆ ನಡೆಯಿತು! ಅವನು ಬೆರಳಿನಿಂದ ಮುಟ್ಟಿದೊಡನೆ ಅದರ ತಲೆಯ ಹಿಂದಿನಿಂದ ಸಣ್ಣ ಕವಲುಕೊಂಬೊಂದು ಹೊರಕ್ಕೆ ಚಿಮ್ಮಿತು. ಘಾಟಾದ ವಾಸನೆ ಬಂತು. ಹುಡುಗ ಬಟ್ಟೆ ಬಿಸಾಡಿ ಒಳಗೆ ಓಡಿಬಂದು, "ಅದು ಹುಳು, ಅದಕ್ಕೆ ಕೋಡು ಉಂಟು" ಎಂದ. ಪತ್ರಿಕೆ ಓದುತ್ತಿದ್ದ ಏಳೆಂಟು ಜನ ಎದ್ದು ಹೋಗಿ ನೋಡಿದೆವು. ಹುಳು ಯಾತಕ್ಕೆ ಹಿಕ್ಕೆಯ ವೇಷ ಹಾಕಬೇಕು, ವೇಷ ಹಾಕಿದ ಮೇಲೆ ಕೊಂಬು ಯಾತಕ್ಕೆ ತೋರಿಸಬೇಕು, ಎಂದು ಚರ್ಚೆ ನಡೆಯಿತು. ಕಾರ್ಯದರ್ಶಿಗಳು ನಮ್ಮ ಕಡೆ ತಿರುಗಿ, "ನೀವೇ ಓದಿಕೊಂಡು ಬಂದು ಒಂದು ಭಾನುವಾರ ಹೇಳಿಬಿಡಿ" ಎಂದರು.

ನಾವು ಪ್ರಾಣಿಶಾಸ್ತ್ರದ ಪಂಡಿತರಲ್ಲ. ಮೆಟ್ರಿಕ್ ಪಾಸು ಮಾಡಿ ಗಿರಣಿಯ ಕಾರಕೂನಿಕೆಗೆ ಸೇರಿದವರು. ದಿನವಿಡೀ ಬೇಲುಗಳ ಲೆಕ್ಕ, ಪಾಳಿಯ ಹಾಜರಿ ಬರೆಯುವವರು. ಆದರೆ ಓದುತ್ತ ಹೋದಂತೆ ನಮಗೆ ಒಂದು ಸಂಗತಿ ತಿಳಿದು ಬಹಳ ಸಂತೋಷವಾಯಿತು. ಈ ವೇಷಗಳ ಗುಟ್ಟನ್ನು ಮೊದಲು ಬಿಡಿಸಿ ಹೇಳಿದಾತನೂ ಒಬ್ಬ ಕಾರಕೂನನೇ. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇವೆ.

ಆತನ ಹೆಸರು ಹೆನ್ರಿ ವಾಲ್ಟರ್ ಬೇಟ್ಸ್. ಹುಟ್ಟಿದ್ದು 1825ರಲ್ಲಿ, ಇಂಗ್ಲೆಂಡಿನ ಲೆಸ್ಟರ್ ಎಂಬ ಊರಿನಲ್ಲಿ. ಅದು ಕಾಲುಚೀಲ ಹೆಣೆಯುವವರ ಊರು. ಹದಿಮೂರನೆಯ ವಯಸ್ಸಿಗೇ ಹುಡುಗನನ್ನು ಕಾಲುಚೀಲದ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ದುಡಿತ. ಉಗ್ರಾಣ ಗುಡಿಸುವುದೂ ಅದರಲ್ಲಿ ಸೇರಿತ್ತು. ದುಡಿದು ಬಂದ ಮೇಲೆ ಕೆಲಸಗಾರರಿಗಾಗಿ ಇದ್ದ ರಾತ್ರಿಯ ತರಗತಿಗಳಿಗೆ ಹೋಗುತ್ತಿದ್ದ. ರಜೆಯಲ್ಲಿ ದುಂಬಿಗಳನ್ನು ಹಿಡಿಯುತ್ತಿದ್ದ. ಮುಂದೆ ಒಂದು ಬೀರು ಕಾರ್ಖಾನೆಯಲ್ಲಿ ಗುಮಾಸ್ತನಾದ. ಲೆಸ್ಟರಿನ ಪುಸ್ತಕಾಲಯದ ಓಡಾಟದಲ್ಲಿಯೇ ಆಲ್ಫ್ರೆಡ್ ರಸೆಲ್ ವಾಲೆಸ್ ಎಂಬ ಬಡ ಶಾಲಾಮಾಸ್ತರನ ಪರಿಚಯವಾಯಿತು. ಇಬ್ಬರೂ ಸೇರಿ ಪ್ರವಾಸದ ಪುಸ್ತಕಗಳನ್ನು ಓದಿದರು, ಪತ್ರ ಬರೆದುಕೊಂಡರು, ಕೊನೆಗೆ 1848ರಲ್ಲಿ ಲಿವರ್ಪೂಲಿನಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕದ ಅಮೆಜಾನ್ ನದಿಗೆ ಹೊರಟೇಬಿಟ್ಟರು. ಕೈಯಲ್ಲಿ ಹಣವಿಲ್ಲ. ಚಿಟ್ಟೆ, ದುಂಬಿ, ಹಕ್ಕಿ ಹಿಡಿದು ಲಂಡನ್ನಿಗೆ ಕಳುಹಿಸಿ, ಮಾರಿ ಬಂದ ಹಣದಲ್ಲಿ ಬದುಕುವುದೆಂದು ತೀರ್ಮಾನ.

ವಾಲೆಸ್ ನಾಲ್ಕು ವರ್ಷಕ್ಕೆ ಹಿಂದಿರುಗಿದ. ಬೇಟ್ಸ್ ಹನ್ನೊಂದು ವರ್ಷ ಅಲ್ಲಿಯೇ ನಿಂತ. ಒಮ್ಮೆ ಒಂದು ವರ್ಷದವರೆಗೂ ಊರಿನಿಂದ ಕಾಗದವಿಲ್ಲ, ಹಣವಿಲ್ಲ. ಬಟ್ಟೆ ಹರಿದು ಬರಿಗಾಲಲ್ಲಿ ತಿರುಗಿದ. ಆದರೆ ಆತ ತನ್ನ ಪುಸ್ತಕದಲ್ಲಿ ಹೆಚ್ಚಾಗಿ ಹೇಳಿಕೊಂಡಿರುವುದು ಹಸಿವಿನ ಸಂಕಟವನ್ನಲ್ಲ, ಓದಲು ಏನೂ ಸಿಗದ ಸಂಕಟವನ್ನು. ಹೇಗೋ ಬಂದು ತಲುಪಿದ ಹಳೆಯ ಪತ್ರಿಕೆಯನ್ನು ಮೊದಲ ಸಲ ಒಳ್ಳೆಯ ಲೇಖನಗಳಿಗಾಗಿ ಓದುವುದು, ಎರಡನೆಯ ಸಲ ಮಿಕ್ಕಿದ್ದನ್ನೆಲ್ಲ ಓದುವುದು, ಮೂರನೆಯ ಸಲ ಜಾಹೀರಾತುಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವುದು. ಊರಿನ ಪತ್ರಿಕೆ ಎರಡು ದಿನ ತಡವಾಗಿ ಬಂದರೆ ನಮ್ಮ ಮೇಜಿನ ಸುತ್ತ ಏನಾಗುತ್ತದೆಂಬುದನ್ನು ಕಂಡವರಿಗೆ ಆತನ ಪಾಡು ತಿಳಿಯುತ್ತದೆ.

1859ರಲ್ಲಿ ಬೇಟ್ಸ್ ಮರಳಿದಾಗ ಅವನು ಕೂಡಿಹಾಕಿದ್ದ ಜೀವಜಾತಿಗಳು 14,712. ಅವುಗಳಲ್ಲಿ ಸುಮಾರು 8,000 ವಿಜ್ಞಾನಕ್ಕೆ ಹೊಸವು. ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸುವಾಗ ಒಂದು ವಿಚಿತ್ರ ಎದ್ದು ಕಂಡಿತು. ಅಮೆಜಾನ್ ಕಾಡಿನಲ್ಲಿ ಕಣ್ಣು ಕುಕ್ಕುವ ಬಣ್ಣದ ಒಂದು ಬಳಗದ ಚಿಟ್ಟೆಗಳು ಹಾಯಾಗಿ, ನಿಧಾನವಾಗಿ ಹಾರಾಡುತ್ತವೆ. ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ. ಅವಕ್ಕೆ ಕೆಟ್ಟ ರುಚಿ. ಆದರೆ ಅವುಗಳ ಗುಂಪಿನಲ್ಲಿಯೇ, ಅದೇ ಬಣ್ಣ, ಅದೇ ಪಟ್ಟೆ, ಅದೇ ಹಾರಾಟದ, ಬೇರೆ ಕುಲದ ಚಿಟ್ಟೆಗಳಿದ್ದವು. ಆ ಕುಲದವು ಸಾಮಾನ್ಯವಾಗಿ ಬಿಳಿಯವು, ಹಕ್ಕಿಗೆ ರುಚಿಯಾದವು. ಒಂದೂರಿನಲ್ಲಿ ಕೆಟ್ಟ ರುಚಿಯ ಚಿಟ್ಟೆಯ ಬಣ್ಣ ಬದಲಾದರೆ ಆ ಊರಿನ ನಕಲಿಯ ಬಣ್ಣವೂ ಹಾಗೆಯೇ ಬದಲಾಗಿತ್ತು. ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡುವವರೆಗೂ ತಾನೇ ಮೋಸಹೋಗುತ್ತಿದ್ದೆ ಎಂಬ ಅರ್ಥದ ಮಾತನ್ನು ಬೇಟ್ಸ್ ಸಂಕೋಚವಿಲ್ಲದೆ ಬರೆದಿದ್ದಾನೆ. 1862ರಲ್ಲಿ ಅಚ್ಚಾದ ಅವನ ಪ್ರಬಂಧದಿಂದ ಈ ಬಗೆಯ ಅನುಕರಣೆಗೆ ಅವನ ಹೆಸರೇ ನಿಂತಿದೆ.

ಬಟ್ಟೆಯ ವ್ಯಾಪಾರ ಬಲ್ಲ ತಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹೆಸರಾದ ಗಿರಣಿಯ ಥಾನಿನ ಮೇಲೆ ಒಂದು ಮುದ್ರೆ ಇರುತ್ತದೆ. ಗಿರಾಕಿ ಬಟ್ಟೆಯನ್ನು ನೋಡುವುದಿಲ್ಲ, ಮುದ್ರೆಯನ್ನು ನೋಡಿ ಕೊಳ್ಳುತ್ತಾನೆ. ಅದನ್ನು ಕಂಡು ಇನ್ನೊಬ್ಬ ತನ್ನ ಜೊಳ್ಳು ಬಟ್ಟೆಗೂ ಅಂಥದೇ ಮುದ್ರೆ ಒತ್ತುತ್ತಾನೆ. ಚಿಟ್ಟೆಯ ಲೋಕದಲ್ಲಿ ಮುದ್ರೆಯ ಅರ್ಥ ಮಾತ್ರ ತಿರುವುಮುರುವು: 'ನನ್ನನ್ನು ಕೊಳ್ಳಬೇಡ' ಎಂದು. ಕೆಟ್ಟ ರುಚಿಯ ಒಂದು ಚಿಟ್ಟೆ ತಿಂದು ಉಗುಳಿದ ಹಕ್ಕಿ ಆ ಮುದ್ರೆಯನ್ನು ನೆನಪಿಟ್ಟುಕೊಳ್ಳುತ್ತದೆ. ನಕಲಿಗೆ ಪುಕ್ಕಟೆ ರಕ್ಷಣೆ ದೊರೆಯುತ್ತದೆ. ನಕಲಿಗಳು ತೀರ ಹೆಚ್ಚಿದರೆ ಕಥೆ ಕೆಡುತ್ತದೆ. ಹತ್ತು ಸಲ ರುಚಿಯಾದ ಊಟ ಸಿಕ್ಕಿದ ಹಕ್ಕಿ ಆ ಮುದ್ರೆಗೆ ಹೆದರೀತೇ? ಪೇಟೆಯಲ್ಲಿಯೂ ಹಾಗೆಯೇ.

ಈಗ ನಮ್ಮ ಕರಿಬೇವಿನ ಹುಳುವಿಗೆ ಬರೋಣ. ಅದು 'ಕಾಮನ್ ಮಾರ್ಮನ್' ಎಂಬ ಹೆಸರಿನ ಚಿಟ್ಟೆಯ ಮರಿ. ಕರಿಬೇವು, ನಿಂಬೆ, ಕಿತ್ತಳೆಯ ಜಾತಿಯ ಗಿಡಗಳಲ್ಲಿ ಅದು ಬೆಳೆಯುತ್ತದೆ. ಆದುದರಿಂದ ಮುಂಬಯಿ, ಪುಣೆ, ಚೆನ್ನೈಗಳಂಥ ಪಟ್ಟಣಗಳಲ್ಲಿಯೂ, ಮೂರನೆಯ ಮಹಡಿಯ ಕುಂಡದಲ್ಲಿಯೂ ಅದಕ್ಕೆ ನೆಲೆಯುಂಟು. ಚಿಕ್ಕದಿದ್ದಾಗ ಹಿಕ್ಕೆಯ ವೇಷ. ನಾಲ್ಕು ಸಲ ಪೊರೆ ಕಳಚಿ ಬೆರಳುದ್ದವಾದ ಮೇಲೆ ಆ ವೇಷ ನಂಬಿಸಲಾರದು. ಅಷ್ಟು ದೊಡ್ಡ ಹಿಕ್ಕೆ ಹಾಕುವ ಹಕ್ಕಿ ಎಲ್ಲಿದೆ! ಆಗ ಎಲೆಯ ಹಸುರು ಬಣ್ಣ ತಳೆಯುತ್ತದೆ. ಅಡಗಿದ್ದೂ ಸಿಕ್ಕಿಬಿದ್ದರೆ ಆ ಕವಲುಕೊಂಬು, ಆ ಘಾಟು. ಒಂದೇ ಹುಳುವಿನಲ್ಲಿ ಅಡಗುವ ವಿದ್ಯೆಯೂ ಹೆದರಿಸುವ ವಿದ್ಯೆಯೂ ಉಂಟು.

ಅದು ಚಿಟ್ಟೆಯಾದ ಮೇಲಿನ ಕಥೆ ಇನ್ನೂ ಸೊಗಸು. ಗಂಡು ಕಪ್ಪು, ಹಿಂದಿನ ರೆಕ್ಕೆಯಲ್ಲಿ ಬಿಳಿಯ ಬೊಟ್ಟುಗಳ ಸಾಲು. ಹೆಣ್ಣಿಗೆ ಮಾತ್ರ ನಮ್ಮ ದೇಶದಲ್ಲಿ ಮೂರು ಉಡುಪು. ಒಂದು ಗಂಡಿನಂಥದೇ. ಮಿಕ್ಕ ಎರಡರಲ್ಲಿ ಕೆಂಪು ಕಲೆಗಳಿದ್ದು, ಅವು 'ಕಾಮನ್ ರೋಸ್', 'ಕ್ರಿಮ್ಸನ್ ರೋಸ್' ಎಂಬ ಎರಡು ಬೇರೆ ಚಿಟ್ಟೆಗಳ ತದ್ರೂಪು. ಆ ರೋಸ್ ಚಿಟ್ಟೆಗಳ ಮರಿಗಳು ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಕರಿಬೇವು ತಿಂದು ಬೆಳೆದ ನಮ್ಮದಕ್ಕೆ ಆ ವಿಷವಿಲ್ಲ, ಅದರ ಮುದ್ರೆ ಮಾತ್ರ ಉಂಟು. ಗುರುತು ಹಿಡಿಯಬೇಕೆಂದರೆ ಮೈ ನೋಡಬೇಕು. ಅಸಲಿಯ ಮೈ ಕೆಂಪು, ನಕಲಿಯ ಮೈ ಕಪ್ಪು. ಈ ಮೂರು ಬಗೆಯ ಹೆಣ್ಣುಗಳೂ ಒಂದೇ ಜಾತಿಯವೆಂದು 1865ರ ಪ್ರಬಂಧದಲ್ಲಿ ತೋರಿಸಿದವನು ಅದೇ ವಾಲೆಸ್, ಆ ಶಾಲಾಮಾಸ್ತರ. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ಉಡುಪಿನ ಹೆಣ್ಣುಮಕ್ಕಳು ಹೇಗೆ ಬರುತ್ತಾರೆಂಬುದು ಬಹುಕಾಲ ತೊಡಕಾಗಿತ್ತು. 2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಕೃಷ್ಣಮೇಘ ಕುಂಟೆಯವರೂ ಅವರ ಅಮೆರಿಕದ ಸಂಗಡಿಗರೂ ಅದನ್ನು ಬಿಡಿಸಿದರು. ಗಂಡು ಹೆಣ್ಣುಗಳ ವ್ಯತ್ಯಾಸವನ್ನು ತೀರ್ಮಾನಿಸುವ ಒಂದೇ ಒಂದು ವಂಶವಾಹಿಯ ಬೇರೆ ಬೇರೆ ಪಾಠಗಳು ಇಡೀ ಉಡುಪನ್ನು ಬದಲಿಸಿಬಿಡುತ್ತವಂತೆ.

ಇನ್ನು ನಾವು ನಿಜವಾಗಿ ಹೇಳಬೇಕೆಂದು ಬಂದ ಕಥೆ. ಬೇಟ್ಸ್ ಲಿವರ್ಪೂಲಿನಲ್ಲಿ ಹಡಗು ಹತ್ತಿದ ಅದೇ 1848ರಲ್ಲಿ, ಅಲ್ಲಿಂದ ಐವತ್ತು ಕಿಲೋಮೀಟರು ದೂರದ ಮ್ಯಾಂಚೆಸ್ಟರಿನಲ್ಲಿ ಒಂದು ಕಪ್ಪು ಪತಂಗ ಸಿಕ್ಕಿತು.

ಗಿರಣಿಯವರಿಗೆ ಮ್ಯಾಂಚೆಸ್ಟರ್ ಎಂದರೆ ಏನೆಂದು ಹೇಳಬೇಕೇ? ಲೋಕದ ಗಿರಣಿಗಳಿಗೆಲ್ಲ ತವರುಮನೆ. ಮುಂಬಯಿಯ ಮೊದಲ ಹತ್ತಿಗಿರಣಿ ಸ್ಥಾಪನೆಯಾದದ್ದು 1854ರಲ್ಲಿ. ಅಷ್ಟು ಹೊತ್ತಿಗೆ ಮ್ಯಾಂಚೆಸ್ಟರಿನ ಆಕಾಶವೇ ಕಪ್ಪಾಗಿತ್ತು. ಸಾಲುಸಾಲು ಹೊಗೆಕೊಳವೆಗಳು, ಹಗಲೂ ರಾತ್ರಿ ಕಲ್ಲಿದ್ದಲ ಹೊಗೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಆ ನಾಡಿನ ಗಿರಣಿಗಳಿಗೆ ಹೋಯಿತು. ಆ ಮಸಿಯಲ್ಲಿ ನಮ್ಮ ಕಡೆಯ ಅರಳೆಯ ಪಾಲೂ ಇಷ್ಟು ಉಂಟೆನ್ನಬೇಕು.

ಆ ನಾಡಿನಲ್ಲಿ 'ಮೆಣಸಿನ ಪುಡಿ ಪತಂಗ' ಎಂಬರ್ಥದ ಹೆಸರಿನ ಒಂದು ಪತಂಗವಿದೆ. ರೆಕ್ಕೆ ಬಿಚ್ಚಿದರೆ ಎರಡು ಅಂಗುಲದಷ್ಟು. ಬಿಳಿಯ ಬಟ್ಟೆಯ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದಂತಹ ಮೈ. ರಾತ್ರಿ ಹಾರಾಡುತ್ತದೆ, ಹಗಲು ಮರಕ್ಕೆ ಅಂಟಿ ಮಿಸುಕದೆ ಕೂರುತ್ತದೆ. ಚೊಕ್ಕಟ ಗಾಳಿಯಿರುವ ಕಡೆ ಮರದ ತೊಗಟೆಯ ಮೇಲೆ ಕಲ್ಲುಹೂವು ಬೆಳೆದಿರುತ್ತದೆ. ನಮ್ಮ ಹೆಂಗಸರು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ. ಆ ಬೂದುಬಿಳುಪಿನ ಮೇಲೆ ಪತಂಗ ಕುಳಿತರೆ ಹಕ್ಕಿಯ ಕಣ್ಣಿಗೆ ಕಾಣುವುದು ಕಷ್ಟ. ಆದರೆ ಕಲ್ಲಿದ್ದಲ ಹೊಗೆಯಲ್ಲಿನ ಗಂಧಕದ ಅನಿಲಕ್ಕೆ ಕಲ್ಲುಹೂವು ಸತ್ತುಹೋಗುತ್ತದೆ. ಬತ್ತಲೆಯಾದ ತೊಗಟೆಯ ಮೇಲೆ ಮಸಿ ಕೂರುತ್ತದೆ. ಕರಿಯ ಮರದ ಮೇಲೆ ಬಿಳಿಯ ಪತಂಗ, ಹಲಗೆಯ ಮೇಲೆ ಸೀಮೆಸುಣ್ಣದ ಗುರುತಿನಂತೆ.

1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪೂರ್ತಿ ಕಪ್ಪಾದ ಒಂದು ಪತಂಗ ಅಪರೂಪದ ವಸ್ತುವಾಗಿತ್ತು. 1895ರ ಹೊತ್ತಿಗೆ ಅದೇ ಊರಿನಲ್ಲಿ ನೂರಕ್ಕೆ 98 ಕಪ್ಪು! ಈ ಪತಂಗಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಐವತ್ತು ಪೀಳಿಗೆಗೂ ಒಳಗೆ ಇಡೀ ಊರಿನ ಪತಂಗ ಸಂಸಾರ ಬಣ್ಣ ಬದಲಿಸಿತ್ತು. ಹಕ್ಕಿಗಳೇ ಇದಕ್ಕೆ ಕಾರಣವೆಂದು ಟಟ್ ಎಂಬಾತ 1896ರಲ್ಲಿ ಬರೆದ. 1924ರಲ್ಲಿ ಹಾಲ್ಡೇನ್ ಎಂಬ ಪ್ರಖ್ಯಾತ ವಿಜ್ಞಾನಿ ಕಾಗದದ ಮೇಲೆ ಲೆಕ್ಕ ಹಾಕಿ, ಇಷ್ಟು ವೇಗವಾಗಿ ಹೀಗಾಗಬೇಕಾದರೆ ಬಿಳಿಯದು ನೂರು ಉಳಿಯುವಲ್ಲಿ ಕರಿಯದು ಸುಮಾರು ನೂರೈವತ್ತು ಉಳಿದಿರಬೇಕು ಎಂದರು. ಈ ಹಾಲ್ಡೇನರು 1957ರಲ್ಲಿ ನಮ್ಮ ದೇಶಕ್ಕೇ ಬಂದು ನೆಲೆಸಿ, ಇಲ್ಲಿಯ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಲೆಕ್ಕ ಸರಿ, ಆದರೆ ಕಣ್ಣಾರೆ ಕಂಡವರಾರು? ಕೆಟಲ್‌ವೆಲ್ ಎಂಬ ವೈದ್ಯರು ಆ ಕೆಲಸಕ್ಕೆ ಇಳಿದರು. 1953ರಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿಯ ಮಸಿ ಹಿಡಿದ ತೋಪಿನಲ್ಲಿ ಬಣ್ಣದ ಗುರುತು ಹಾಕಿದ ಪತಂಗಗಳನ್ನು ಬಿಟ್ಟು ಮತ್ತೆ ಹಿಡಿದರು. 447 ಕರಿಯವನ್ನು ಬಿಟ್ಟದ್ದರಲ್ಲಿ 123 ಮರಳಿ ಸಿಕ್ಕವು. 137 ಬಿಳಿಯವುಗಳಲ್ಲಿ ಸಿಕ್ಕಿದ್ದು 18 ಮಾತ್ರ. ಅಂದರೆ ನೂರಕ್ಕೆ ಇಪ್ಪತ್ತೇಳರ ಮೇಲೆ ಒಂದು ಕಡೆ, ಹದಿಮೂರು ಇನ್ನೊಂದು ಕಡೆ. 1955ರಲ್ಲಿ ಹೊಗೆಯಿಲ್ಲದ ಡಾರ್ಸೆಟ್ ಎಂಬ ಹಳ್ಳಿಗಾಡಿನಲ್ಲಿ ಅದನ್ನೇ ಮಾಡಿದಾಗ ಲೆಕ್ಕ ತಲೆಕೆಳಗಾಯಿತು. ಅಲ್ಲಿ ಬಿಳಿಯವು ಹೆಚ್ಚು ಉಳಿದು, ಕರಿಯವು ಅದರರ್ಧದಷ್ಟು ಮಾತ್ರ ಉಳಿದವು.

ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಈ ಭಾಷಣದ ಕರಡನ್ನು ಓದಿ ಕೇಳಿಸಿದಾಗ ನಮ್ಮ ಕೋಣೆಯ ಗೆಳೆಯರೊಬ್ಬರು, "ಇದು ನಮ್ಮದೇ ಕಥೆ. ಊರು ಬಿಟ್ಟು ಬಂದೆವು. ಬೀದಿಯಲ್ಲಿ ಇಲ್ಲಿಯವರ ಮಾತು, ಇಲ್ಲಿಯವರ ಅಂಗಿ. ಬಣ್ಣ ಬದಲಿಸಿದ್ದರಿಂದ ಬದುಕಿದೆವು" ಎಂದರು. ಮಾತು ಸೊಗಸಾಗಿತ್ತು, ಭಾಷಣದ ಕೊನೆಗೆ ಹಾಕಿದರೆ ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಎಷ್ಟು ಯೋಚಿಸಿದರೂ ನಮಗೆ ಒಪ್ಪಲಾಗಲಿಲ್ಲ. ಏಕೆಂದರೆ ಮ್ಯಾಂಚೆಸ್ಟರಿನಲ್ಲಿ ಒಂದೇ ಒಂದು ಪತಂಗವೂ ಬಣ್ಣ ಬದಲಿಸಲಿಲ್ಲ. ಬಿಳಿಯದಾಗಿ ಹುಟ್ಟಿದ್ದು ಬಿಳಿಯದಾಗಿಯೇ ಸತ್ತಿತು. ಮಸಿಗೆ ಹೆದರಿ ಕಪ್ಪಾಗೋಣವೆಂದು ಅದಕ್ಕೆ ಅನಿಸಲೂ ಇಲ್ಲ, ಅನಿಸಿದ್ದರೂ ಆಗುತ್ತಿರಲಿಲ್ಲ. ಎಲ್ಲೋ ಒಂದು ಮೊಟ್ಟೆಯಲ್ಲಿ ತಾನಾಗಿ ಆದ ಒಂದು ವ್ಯತ್ಯಾಸದಿಂದ ಕರಿಯದೊಂದು ಹುಟ್ಟಿತು. ಅದನ್ನು ಲಿವರ್ಪೂಲಿನ ವಿಜ್ಞಾನಿಗಳು 2016ರಲ್ಲಿ ಹುಡುಕಿ ತೆಗೆದಿದ್ದಾರೆ: ಒಂದು ವಂಶವಾಹಿಯೊಳಗೆ ಸುಮಾರು 22,000 ಅಕ್ಷರಗಳ ಒಂದು ತುಣುಕು ಬಂದು ಸೇರಿಕೊಂಡಿತ್ತು, ಅದು ನಡೆದದ್ದು 1819ರ ಆಸುಪಾಸಿನಲ್ಲಿ ಎಂದು ಅವರ ಅಂದಾಜು. ಹೊಗೆಯಿಲ್ಲದ ಊರಿನಲ್ಲಿ ಹಾಗೆ ಹುಟ್ಟಿದ್ದರೆ ಹಕ್ಕಿ ಅದನ್ನು ಮೊದಲು ತಿನ್ನುತ್ತಿತ್ತು. ಹುಟ್ಟಿದ್ದು ಹೊಗೆಯೂರಿನಲ್ಲಿ, ಉಳಿಯಿತು. ನೂರಕ್ಕೆ 98 ಎಂಬುದು ಖಾತೆಯ ಕೊನೆಯ ಶಿಲ್ಕು. ಖರ್ಚಿನ ಪುಟ ತೆಗೆದು ನೋಡಿದರೆ ಅಲ್ಲಿ ಇರುವುದೆಲ್ಲ ಹಕ್ಕಿಗಳು ತಿಂದ ಬಿಳಿಯ ಪತಂಗಗಳು. ಹೊಂದಿಕೊಂಡಿತು ಎಂಬ ಮಾತು ಬಹಳ ಮೆದುವಾದ ಮಾತು.

ಊರು ಬಿಟ್ಟು ಬಂದವನು ಹಾಗಲ್ಲ. ನಮ್ಮ ಆ ಗೆಳೆಯರು ಇಲ್ಲಿಗೆ ಬಂದಾಗ ಅವರಿಗೆ ಇಲ್ಲಿಯ ಭಾಷೆಯ ಒಂದಕ್ಷರ ಬಾರದು. ಎರಡು ವರ್ಷದಲ್ಲಿ ಕಲಿತರು. ಕಲಿತದ್ದಕ್ಕೆ ಕನ್ನಡ ಮರೆಯಲಿಲ್ಲ. ಭಾನುವಾರ ಇಲ್ಲಿ ಬಂದು ಕೂರುತ್ತಾರೆ. ಪತಂಗಕ್ಕೆ ಒಂದೇ ಜನ್ಮಕ್ಕೆ ಒಂದೇ ಅಂಗಿ.

ಗೆಳೆಯರು ಸೋಲೊಪ್ಪುವವರಲ್ಲ. ಮರುದಿನ ಗಿರಣಿಯ ಬಾಗಿಲಲ್ಲಿಯೇ, "ಹಾಗಾದರೆ ಗೋಸುಂಬೆ ಏನು ಮಾಡುತ್ತದೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮತ್ತೆ ಪುಸ್ತಕ ಹುಡುಕಬೇಕಾಯಿತು. ಗಳಿಗೆಗೊಂದು ಮಾತಾಡುವವನನ್ನು ಗೋಸುಂಬೆ ಎನ್ನುವುದು ನಮ್ಮ ವಾಡಿಕೆ. ಕುಳಿತ ಕೊಂಬೆಗೆ ತಕ್ಕಂತೆ ಬಣ್ಣ ತಿರುಗಿಸಿ ಅಡಗುತ್ತದೆಂದು ಎಲ್ಲರ ನಂಬಿಕೆ. ಗೋಸುಂಬೆ ತನ್ನ ಜೀವಮಾನದಲ್ಲಿ ಬಣ್ಣ ಬದಲಿಸುತ್ತದೆಂಬುದು ನಿಜ. ಆದರೆ ಅದರ ದೊಡ್ಡ ದೊಡ್ಡ ಬಣ್ಣಗಳೆಲ್ಲ ಅಡಗುವುದಕ್ಕಲ್ಲ. ಎದುರಿಗೆ ಇನ್ನೊಂದು ಗಂಡು ಬಂದಾಗ, ಹೆಣ್ಣು ಬಂದಾಗ, ಸಿಟ್ಟು ಬಂದಾಗ ಅದು ಬಣ್ಣ ಏರಿಸುತ್ತದೆ, ಸೋತಾಗ ಮಂಕಾಗುತ್ತದೆ, ಚಳಿಯಲ್ಲಿ ಬಿಸಿಲು ಹೀರಲು ಕಪ್ಪಾಗುತ್ತದೆ. ಸುಮ್ಮನೆ ಇದ್ದಾಗ ಅದರದು ಎಲೆ ತೊಗಟೆಗಳ ಬಣ್ಣವೇ. ಆಫ್ರಿಕದ ಕುಳ್ಳಗೋಸುಂಬೆಗಳ ಹಲವು ಜಾತಿಗಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಚ್ಚು ಬಣ್ಣ ಬದಲಿಸಬಲ್ಲ ಜಾತಿಗಳು ಬಗೆಬಗೆಯ ಹಿನ್ನೆಲೆಯಲ್ಲಿ ಬಾಳುವವಲ್ಲ, ಒಂದಕ್ಕೊಂದು ಹೆಚ್ಚು ಎದ್ದುಕಾಣುವಂತೆ ಸಂಕೇತ ಮಾಡುವವು ಎಂದು ಕಂಡುಬಂದಿತು. ಆದುದರಿಂದ ಮನಸ್ಸಿನಲ್ಲಿ ಇದ್ದುದನ್ನು ಮೈಮೇಲೆ ಬರೆದುಕೊಳ್ಳುವ ಪ್ರಾಣಿಯ ಹೆಸರನ್ನು ನಾವು ಒಳಗೊಂದು ಹೊರಗೊಂದು ಇರುವವನಿಗೆ ಇಟ್ಟಿದ್ದೇವೆ. ಗಾದೆ ಕಟ್ಟಿದವರು ಗೋಸುಂಬೆಗೆ ಅನ್ಯಾಯ ಮಾಡಿದರು.

ಮತ್ತೆ ಪತಂಗಕ್ಕೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜಿಗೆ ಸಾವಿರಾರು ಜನ ಸತ್ತ ಮೇಲೆ 1956ರಲ್ಲಿ ಬ್ರಿಟನ್ನಿನಲ್ಲಿ ಶುದ್ಧ ಗಾಳಿಯ ಕಾನೂನು ಆಯಿತು. ಹೊಗೆ ತಗ್ಗಿತು. ಲಿವರ್ಪೂಲಿನ ವೈದ್ಯರಾದ ಸಿರಿಲ್ ಕ್ಲಾರ್ಕ್ ಎಂಬವರು 1959ರಿಂದ ತಮ್ಮ ಮನೆಯ ತೋಟದಲ್ಲಿ ದೀಪದ ಬೋನು ಇಟ್ಟು ವರ್ಷವರ್ಷವೂ ಪತಂಗಗಳನ್ನು ಎಣಿಸುತ್ತ ಬಂದರು. ಆರಂಭದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಪ್ಪು. ಮುಂದಿನ ನಾಲ್ಕು ದಶಕಗಳಲ್ಲಿ ಆ ಸಂಖ್ಯೆ ಇಳಿದು ಇಳಿದು ಕಪ್ಪು ಪತಂಗವೇ ಅಪರೂಪವಾಯಿತು. ಹೊಗೆಯಿಂದ ಬಂದದ್ದು ಹೊಗೆಯೊಡನೆ ಹೊರಟಿತು. ಈ ಕ್ಲಾರ್ಕರು ಚಿಟ್ಟೆಗಳ ವಂಶಾವಳಿಯ ಹವ್ಯಾಸದಿಂದಲೇ ಮನುಷ್ಯನ ರಕ್ತದ ಗುಂಪುಗಳತ್ತ ತಿರುಗಿದವರು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿ ಮಗುವಿನದು ಪಾಸಿಟಿವ್ ಆದಾಗ ಮುಂದಿನ ಮಕ್ಕಳಿಗೆ ಒದಗುವ ಕೇಡನ್ನು ತಪ್ಪಿಸುವ ಚುಚ್ಚುಮದ್ದಿನ ಸಂಶೋಧನೆಯಲ್ಲಿ, 1960ರ ದಶಕದಲ್ಲಿ, ಅವರ ತಂಡ ಮುಂದಾಳಾಗಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಆ ಮದ್ದಿನ ಚೀಟಿ ಹಿಡಿದು ಓಡಾಡಿದವರು ಈ ಸಭೆಯಲ್ಲಿಯೂ ಇದ್ದಾರು. ಚಿಟ್ಟೆ ಹಿಡಿಯುವವರನ್ನು ಕೆಲಸವಿಲ್ಲದವರೆಂದು ಇನ್ನು ಮುಂದೆ ನಗಬಾರದು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಕೆಟಲ್‌ವೆಲ್ಲರ ಪ್ರಯೋಗದಲ್ಲಿ ಜನ ತಪ್ಪು ಹುಡುಕಿದರು. ಕೆಲವು ತಪ್ಪುಗಳು ನಿಜವಾಗಿಯೂ ಇದ್ದವು. ಒಂದೇ ಕಡೆ ತೀರ ಹೆಚ್ಚು ಪತಂಗಗಳನ್ನು ಬಿಟ್ಟಿದ್ದರು. ಹಗಲಿನಲ್ಲಿ ಕೈಯಾರೆ ಕಾಂಡಗಳ ಮೇಲೆ ಬಿಟ್ಟಿದ್ದರು. ಪತಂಗ ತಾನಾಗಿ ಕೂರುವುದು ಹೆಚ್ಚಾಗಿ ಕೊಂಬೆಗಳಲ್ಲಿ. ಪಾಠಪುಸ್ತಕಗಳಲ್ಲಿ ಬಂದ ಕೆಲವು ಚಿತ್ರಗಳು ಸತ್ತ ಪತಂಗಗಳನ್ನು ಕಾಂಡಕ್ಕೆ ಅಂಟಿಸಿ ತೆಗೆದವು. 2002ರಲ್ಲಿ ಒಂದು ಪುಸ್ತಕವೇ ಬಂದು ಮೋಸದ ಸಂಶಯವನ್ನು ಎಬ್ಬಿಸಿತು. ಕೆಟಲ್‌ವೆಲ್ಲರು 1979ರಲ್ಲಿಯೇ ತೀರಿಹೋಗಿದ್ದರು, ಉತ್ತರ ಕೊಡಲು ಇರಲಿಲ್ಲ. ಜೀವವಿಕಾಸದ ಮಾತೇ ಸುಳ್ಳೆಂದು ಸಾರುವವರಿಗೆ ಇದರಿಂದ ಹಬ್ಬವಾಯಿತು.

ಆಗ ಕೇಂಬ್ರಿಜ್ಜಿನ ಮೈಕೇಲ್ ಮಜೆರಸ್ ಎಂಬ ವಿಜ್ಞಾನಿ ವಾದಕ್ಕೆ ಹೋಗದೆ ತಮ್ಮ ತೋಟಕ್ಕೆ ಹೋದರು. 2001ರಿಂದ 2007ರವರೆಗೆ ಒಟ್ಟು 4,864 ಪತಂಗಗಳನ್ನು ಬಿಟ್ಟರು. ದಿನಕ್ಕೆ ಕೆಲವೇ ಕೆಲವು. ರಾತ್ರಿ ಕೊಂಬೆಗೆ ತೊಡಿಸಿದ ಬಲೆಚೀಲದೊಳಗೆ ಬಿಟ್ಟು, ಪತಂಗ ತನಗೆ ಬೇಕಾದ ಜಾಗ ಆರಿಸಿಕೊಂಡು ಕುಳಿತ ಮೇಲೆ ಬೆಳಗಾಗುವ ಮುನ್ನ ಚೀಲ ತೆಗೆದು, ದುರ್ಬೀನು ಹಿಡಿದು ಕೂತರು. ಮರ ಹತ್ತಿ ಪತಂಗಗಳು ತಾವಾಗಿ ಎಲ್ಲಿ ಕೂರುತ್ತವೆಂದೂ ಎಣಿಸಿದರು: ಅರ್ಧಕ್ಕಿಂತ ಹೆಚ್ಚು ಕೊಂಬೆಗಳ ಮೇಲೆ, ಮೂರರಲ್ಲೊಂದು ಪಾಲು ಕಾಂಡದ ಮೇಲೆ. ಒಂಬತ್ತು ಜಾತಿಯ ಹಕ್ಕಿಗಳು ಅವನ್ನು ತಿನ್ನುವುದನ್ನು ಕಣ್ಣಾರೆ ಕಂಡರು. ಗಾಳಿ ಶುದ್ಧವಾಗಿದ್ದ ಆ ತೋಟದಲ್ಲಿ ಕರಿಯವೇ ಹೆಚ್ಚು ಬಲಿಯಾದವು. ಕೆಟಲ್‌ವೆಲ್ಲರ ವಿಧಾನ ಒರಟಾಗಿತ್ತು, ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಪೂರ್ಣ ಪ್ರಬಂಧವನ್ನು ಬರೆಯುವ ಮುನ್ನವೇ, 2009ರಲ್ಲಿ, ಮಜೆರಸ್ ತೀರಿಕೊಂಡರು. ಅವರ ಲೆಕ್ಕದ ಹಾಳೆಗಳನ್ನು ನಾಲ್ವರು ಸಹೋದ್ಯೋಗಿಗಳು ಜೋಡಿಸಿ 2012ರಲ್ಲಿ ಅವರ ಪರವಾಗಿ ಪ್ರಕಟಿಸಿದರು. ಲೆಕ್ಕ ಬರೆಯುವವರಾದ ನಮಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಈ ಭಾಗ. ಹಾಳೆಗಳು ಒಪ್ಪವಾಗಿದ್ದುದರಿಂದ ತಾನೆ ಇನ್ನೊಬ್ಬರು ಅವನ್ನು ಓದಬಲ್ಲವರಾದರು?

ಹೊತ್ತು ಮೀರುತ್ತಿದೆ. ಹುಲಿ ನವಿಲುಗಳನ್ನು ಬಿಟ್ಟು ಹೋದರೆ ಮಕ್ಕಳು ಒಪ್ಪುವುದಿಲ್ಲ. ಹಸುರು ಕಾಡಿನಲ್ಲಿ ಕಿತ್ತಳೆ ಬಣ್ಣದ ಹುಲಿ ಅಡಗುವುದು ಹೇಗೆ? ಅಡಗಬೇಕಾದದ್ದು ನಮ್ಮ ಕಣ್ಣಿಗಲ್ಲ, ಜಿಂಕೆಯ ಕಣ್ಣಿಗೆ. ಬಣ್ಣ ಗುರುತಿಸುವ ಕಣಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ, ಜಿಂಕೆಯ ಕಣ್ಣಿನಲ್ಲಿ ಎರಡೇ. ಅದಕ್ಕೆ ಕಿತ್ತಳೆಯೂ ಹಸುರೂ ಹೆಚ್ಚುಕಡಿಮೆ ಒಂದೇ. ಅದರ ಮೇಲೆ ಕರಿಯ ಪಟ್ಟೆಗಳು ಮೈಯ ಆಕಾರವನ್ನು ತುಂಡುತುಂಡಾಗಿ ಒಡೆದು, ಹುಲ್ಲು ನೆರಳುಗಳಲ್ಲಿ ಬೆರೆಸಿಬಿಡುತ್ತವೆ. ಬಂಡೀಪುರದ ಸಾರಂಗ ಹುಲಿಯನ್ನು ನೋಡಿದರೂ ಕಾಣದೆ ಹೋಗುವುದು ಹೀಗೆ.

ನವಿಲಿನದು ಇದಕ್ಕೆ ವಿರುದ್ಧ. ನಾವು ಬಾಲವೆನ್ನುವುದು ಬಾಲವಲ್ಲ, ಬಾಲದ ಮೇಲಿನ ಗರಿಗಳು ನೀಳವಾಗಿ ಬೆಳೆದದ್ದು. ನಿಜವಾದ ಬಾಲ ಹಿಂದೆ ಊರುಗೋಲಿನಂತೆ ನಿಂತು ಅದನ್ನು ಎತ್ತಿಹಿಡಿಯುತ್ತದೆ. ಮಳೆಗಾಲ ಕಳೆದ ಮೇಲೆ ಉದುರಿ ಹೋಗಿ ಪ್ರತಿವರ್ಷ ಹೊಸದಾಗಿ ಬರುತ್ತದೆ. ಇಷ್ಟು ಭಾರವಾದ, ಇಷ್ಟು ಕಣ್ಣಿಗೆ ಬೀಳುವ ಜಂಭ ಬದುಕಿಗೆ ಹೇಗೆ ನೆರವಾದೀತೆಂಬುದು ಡಾರ್ವಿನ್ನನಿಗೂ ಬಹಳ ಕಾಲ ತಲೆಬಿಸಿ ತಂದಿತ್ತು. ಆರಿಸುವವಳು ಹೆಣ್ಣು ಎಂದು 1871ರಲ್ಲಿ ಉತ್ತರ ಬರೆದ. ಇಂಗ್ಲೆಂಡಿನ ಒಂದು ಉದ್ಯಾನದಲ್ಲಿ ಮೇರಿಯನ್ ಪೆಟ್ರಿ ಎಂಬಾಕೆ ಗರಿಗಳ ಕಣ್ಣುಗಳನ್ನು ಎಣಿಸಿ, ಹೆಚ್ಚು ಕಣ್ಣುಗಳಿದ್ದ ಗಂಡಿಗೇ ಹೆಚ್ಚು ಹೆಣ್ಣುಗಳೆಂದು 1991ರಲ್ಲಿ ತಿಳಿಸಿದರು. ಜಪಾನಿನಲ್ಲಿ ಏಳು ವರ್ಷ ನೋಡಿದವರು ಹಾಗೇನೂ ಕಾಣಲಿಲ್ಲವೆಂದು 2008ರಲ್ಲಿ ಬರೆದರು. ನವಿಲು ಗರಿ ಬಿಚ್ಚಿ ನಡುಗಿಸುವಾಗ ಸೆಕೆಂಡಿಗೆ ಸುಮಾರು 25 ಸಲ ಗರಿಗಳು ಕಂಪಿಸುತ್ತವೆ, ಆದರೂ ಆ ಕಣ್ಣುಗಳು ಮಾತ್ರ ನಿಂತಲ್ಲಿಯೇ ನಿಂತಂತೆ ತೋರುತ್ತವೆ ಎಂಬುದು 2016ರಲ್ಲಿ ತಿಳಿದುಬಂತು. ಹೆಣ್ಣು ನವಿಲು ಇದೆಲ್ಲವನ್ನೂ ನೋಡುತ್ತ, ಕಾಳು ಹೆಕ್ಕುತ್ತ, ಏನನ್ನು ಮೆಚ್ಚಿಕೊಳ್ಳುತ್ತದೆಂಬ ವಾದ ಇನ್ನೂ ಮುಗಿದಿಲ್ಲ.

ಕೊನೆಗೆ ಒಂದು ವಿಜ್ಞಾಪನೆ. ಕರಿಬೇವಿನ ಗಿಡದಲ್ಲಿದ್ದ ಹುಳುಗಳಲ್ಲಿ ಎರಡು ಕೋಶ ಕಟ್ಟಿವೆ. ಒಂದು ಗಿಡದ ಹಸುರು ಕಡ್ಡಿಯಲ್ಲಿ; ಅದರ ಬಣ್ಣ ಹಸುರು. ಇನ್ನೊಂದು ಗಿಡ ಬಿಟ್ಟು ತೆವಳಿ ಬಂದು ಹಿಂದಿನ ಕಿಟಕಿಯ ಚೌಕಟ್ಟಿನಲ್ಲಿ, ಕೆಳಗಿನ ತಿರುಗಣಿಯ ಹತ್ತಿರ ಅಂಟಿಕೊಂಡಿದೆ. ಅದು ಒಣಗಿದ ಮರದ ಚಕ್ಕೆಯ ಬಣ್ಣದ್ದು, ಬೆರಳಿಟ್ಟು ತೋರಿಸಿದರೂ ಕಾಣುವುದು ಕಷ್ಟ. ಎರಡು ವಾರದೊಳಗೆ ಚಿಟ್ಟೆ ಹೊರಬರಬೇಕು. ಹೆಣ್ಣಾದರೆ ಯಾವ ಉಡುಪಿನಲ್ಲಿ ಬರುತ್ತದೆಂದು ನೋಡಲು ಹುಡುಗರು ಸರದಿ ಹಾಕಿಕೊಂಡಿದ್ದಾರೆ. ಅಲ್ಲಿಯವರೆಗೆ ಸದಸ್ಯರು ದಯಮಾಡಿ ಆ ಕಿಟಕಿಯ ಎಡಗಡೆಯ ಕದವನ್ನು ಮುಚ್ಚಬಾರದು. ಮಳೆ ಬಂದರೆ ಪತ್ರಿಕೆಗಳ ಮೇಜನ್ನೇ ಈಚೆಗೆ ಎಳೆದುಕೊಳ್ಳೋಣ.